ಆ ಸಿನಿಮಾಕ್ಕೆ ದುಡ್ಡು ಹಾಕಿದ್ದು ಯಾರು? ಎಪ್ಪತ್ತರ ದಶಕದ ಹಿಂದಿ ಚಿತ್ರಗಳ ಕಥೆ

ಅಮಿತಾಭ್ ಬಚ್ಚನ್ ಅವರ ಮುಖ ಪರದೆ ಮೇಲೆ ಬರುವ ಮುಂಚೆ ಅವರ ದನಿ ಬಂದಿತ್ತು. 1969ರಲ್ಲಿ ಮೃಣಾಲ್ ಸೇನ್ 'ಭುವನ್ ಶೋಮ್' ಅಂತ ಒಂದು ಹಿಂದಿ ಸಿನಿಮಾ ಮಾಡಿದರು. ಕಟ್ಟುನಿಟ್ಟಿನ ಒಬ್ಬ ರೈಲ್ವೆ ಅಧಿಕಾರಿ ಹಕ್ಕಿ ಬೇಟೆಗೆ ಅಂತ ಗುಜರಾತಿನ ಹಳ್ಳಿಗೆ ಹೋಗುತ್ತಾನೆ. ಅಲ್ಲೊಬ್ಬಳು ಹುಡುಗಿ ಸಿಗುತ್ತಾಳೆ. ಅವನು ಸ್ವಲ್ಪ ಮೆತ್ತಗಾಗಿ ವಾಪಸ್ ಬರುತ್ತಾನೆ. ಕಥೆ ಅಷ್ಟೇ. ಅಲ್ಲಿ ಹಿನ್ನೆಲೆಯಲ್ಲಿ ಕಥೆ ಹೇಳುವ ದನಿ ಅಮಿತಾಭ್ ಅವರದು. ಟೈಟಲ್ ಕಾರ್ಡಿನಲ್ಲಿ ಬರೀ 'ಅಮಿತಾಭ್' ಅಂತಿದೆ. ಆಗ ಆ ಹೆಸರು ಯಾರಿಗೂ ಗೊತ್ತಿರಲಿಲ್ಲ.

ಆರು ವರ್ಷ ಕಳೆಯಿತು. 1975ರಲ್ಲಿ 'ದೀವಾರ್' ಬಂತು, 'ಶೋಲೆ' ಬಂತು. ಅದೇ ದನಿಗೆ ಇಡೀ ದೇಶದ ಥಿಯೇಟರುಗಳಲ್ಲಿ ಶಿಳ್ಳೆ ಬೀಳತೊಡಗಿತು.

ಹಿಂದಿಯ ಹೊಸ ಅಲೆಯ ಮೊದಲ ಸಿನಿಮಾ ಅಂತ ಎಲ್ಲರೂ ಹೇಳುವ ಚಿತ್ರಕ್ಕೂ, ಜನಪ್ರಿಯ ಸಿನಿಮಾದ ಅತಿ ದೊಡ್ಡ ಹೆಸರಿಗೂ ಇರುವ ಈ ನಂಟು ನನಗೆ ತುಂಬಾ ಇಷ್ಟ. ಯಾಕೆಂದರೆ ನಾವು ಸಾಮಾನ್ಯವಾಗಿ ಈ ಎರಡನ್ನೂ ಬೇರೆ ಬೇರೆ ಊರಿನವು ಅನ್ನುವ ಹಾಗೆ ಮಾತಾಡುತ್ತೇವೆ. ಒಂದು ಕಡೆ 'ಕಮರ್ಷಿಯಲ್': ಹಾಡು, ಫೈಟು, ಅಮ್ಮನ ಕಣ್ಣೀರು. ಇನ್ನೊಂದು ಕಡೆ 'ಆರ್ಟ್': ಹಳ್ಳಿ, ಬಡತನ, ನಿಧಾನ. ಒಂದು ಜನರಿಗೆ, ಇನ್ನೊಂದು ಪ್ರಶಸ್ತಿಗೆ. ಎಪ್ಪತ್ತರ ದಶಕದ ಹಿಂದಿ ಸಿನಿಮಾವನ್ನು ಹೀಗೆ ನೋಡಿದರೆ ಅರ್ಧಕ್ಕರ್ಧ ತಪ್ಪಿಹೋಗುತ್ತದೆ. ಎರಡೂ ಕಡೆ ಕೆಲಸ ಮಾಡಿದ ಜನ ಎಷ್ಟೋ ಸಲ ಒಬ್ಬರೇ. ಎರಡರ ಒಳಗಿನ ಸಿಟ್ಟೂ ಒಂದೇ ಕಾಲದ್ದು. ಹಾಗಾದರೆ ವ್ಯತ್ಯಾಸ ಬಂದದ್ದು ಎಲ್ಲಿಂದ? ನನ್ನ ಪ್ರಕಾರ ಅದಕ್ಕೆ ಉತ್ತರ ಸಿಗುವುದು ಒಂದು ಸರಳ ಪ್ರಶ್ನೆಯಲ್ಲಿ. ಈ ಸಿನಿಮಾಕ್ಕೆ ದುಡ್ಡು ಹಾಕಿದ್ದು ಯಾರು?

ಮೊದಲು ಬೊಂಬಾಯಿಯ ದುಡ್ಡಿನ ಲೆಕ್ಕ ನೋಡೋಣ. ಆಗ ಸಿನಿಮಾ ಮಾಡುವವರಿಗೆ ಬ್ಯಾಂಕ್ ಸಾಲ ಸಿಗುತ್ತಿರಲಿಲ್ಲ. ಸರ್ಕಾರ ಸಿನಿಮಾವನ್ನು ಉದ್ಯಮ ಅಂತ ಒಪ್ಪಿದ್ದೇ 1998ರಲ್ಲಿ. ಹಾಗಾಗಿ ದುಡ್ಡು ಬರುತ್ತಿದ್ದದ್ದು ಎರಡು ಕಡೆಯಿಂದ. ಒಂದು, ಭಾರಿ ಬಡ್ಡಿಗೆ ಸಾಲ ಕೊಡುವ ಖಾಸಗಿ ಜನ. ಅದರಲ್ಲಿ ಲೆಕ್ಕಕ್ಕೆ ಸಿಗದ ದುಡ್ಡೂ ಇರುತ್ತಿತ್ತು. ಇನ್ನೊಂದು, ಹಂಚಿಕೆದಾರರು.

ಹಂಚಿಕೆದಾರರ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಹಿಂದಿ ಸಿನಿಮಾ ವ್ಯಾಪಾರಕ್ಕೆ ಅಂತ ದೇಶವನ್ನು 'ಟೆರಿಟರಿ'ಗಳಾಗಿ ಹಂಚಿಕೊಂಡಿದ್ದರು. ಬಾಂಬೆ, ದೆಹಲಿ-ಯುಪಿ, ಈಸ್ಟ್ ಪಂಜಾಬ್, ಸಿಪಿ-ಬೇರಾರ್, ನಿಜಾಂ, ಮೈಸೂರು, ಹೀಗೆ. ಹೆಸರುಗಳನ್ನು ಗಮನಿಸಿ. ನಿಜಾಮರು ಹೋಗಿ ಎಷ್ಟೋ ವರ್ಷವಾಗಿತ್ತು. ನಮ್ಮ ರಾಜ್ಯ 1973ರಲ್ಲಿ ಕರ್ನಾಟಕ ಆಯಿತು. ಆದರೆ ಸಿನಿಮಾ ವ್ಯಾಪಾರದ ಪುಸ್ತಕದಲ್ಲಿ ನಾವು ಮುಂದೆ ಎಷ್ಟೋ ಕಾಲ 'ಮೈಸೂರು' ಆಗಿಯೇ ಉಳಿದೆವು.

ನಿರ್ಮಾಪಕ ಒಬ್ಬ ಸ್ಟಾರ್ ಹೆಸರು, ಒಬ್ಬ ಸಂಗೀತ ನಿರ್ದೇಶಕನ ಹೆಸರು ಹೇಳಿ ಸಿನಿಮಾ ಘೋಷಿಸುತ್ತಿದ್ದ. ಶೂಟಿಂಗ್ ಶುರುವಾಗುವ ಮುಂಚೆಯೇ ಒಂದೊಂದು ಟೆರಿಟರಿಯನ್ನು ಒಬ್ಬೊಬ್ಬ ಹಂಚಿಕೆದಾರನಿಗೆ ಮಾರುತ್ತಿದ್ದ. ಹಂಚಿಕೆದಾರ ಕಂತಿನಲ್ಲಿ ಮುಂಗಡ ಕೊಡುತ್ತಿದ್ದ. ಸಿನಿಮಾ ಓಡಲಿ ಬಿಡಲಿ, ಇಷ್ಟು ಮೊತ್ತ ಕೊಟ್ಟೇ ಕೊಡುತ್ತೇನೆ ಅನ್ನುವ ಕರಾರಿಗೆ 'ಮಿನಿಮಮ್ ಗ್ಯಾರಂಟಿ' ಅಂತ ಹೆಸರು. ಕಂತು ಬಂದರೆ ಶೂಟಿಂಗ್, ನಿಂತರೆ ಶೂಟಿಂಗೂ ನಿಂತಿತು.

ಈಗ ಆ ಹಂಚಿಕೆದಾರನ ಜಾಗದಲ್ಲಿ ಕೂತು ಯೋಚನೆ ಮಾಡಿ. ನೀವು ಕಾನ್ಪುರದಲ್ಲೋ ಹುಬ್ಬಳ್ಳಿಯಲ್ಲೋ ಇದ್ದೀರಿ. ಇನ್ನೂ ತಯಾರಾಗದ ಸಿನಿಮಾಕ್ಕೆ ಲಕ್ಷಗಟ್ಟಲೆ ಕೊಡಬೇಕು. ಕಥೆ ಓದುವ ಪದ್ಧತಿ ಇಲ್ಲ. ಎಷ್ಟೋ ಸಲ ಕಥೆಯೇ ಪೂರ್ತಿ ಬರೆದಿರುವುದಿಲ್ಲ. ಏನು ನೋಡಿ ದುಡ್ಡು ಕೊಡುತ್ತೀರಿ? ಗೊತ್ತಿರುವ ಮುಖ ಇದೆಯಾ? ಆರು ಹಾಡು ಇದೆಯಾ? ಫೈಟ್ ಇದೆಯಾ? ನಗಿಸುವವರು ಯಾರು? ಹೋದ ವರ್ಷ ಓಡಿದ್ದರ ತರಹ ಇದೆಯಾ? ಹೀಗೆ ಒಂದೊಂದು ಅಂಶವೂ ಹಂಚಿಕೆದಾರನಿಗೆ ಒಂದು ಇನ್ಶೂರೆನ್ಸ್. ಪಂಜಾಬಿನಲ್ಲಿ ಫೈಟ್ ಓಡುತ್ತದೆ, ಇನ್ನೊಂದು ಕಡೆ ಹಾಡು, ಮತ್ತೊಂದು ಕಡೆ ತಾಯಿ-ಮಗನ ಕಥೆ. ಎಲ್ಲ ಟೆರಿಟರಿಗೂ ಒಂದೇ ಸಿನಿಮಾ ಮಾರಬೇಕಾದರೆ ಎಲ್ಲವೂ ಅದರಲ್ಲೇ ಇರಬೇಕು. ನಾವು 'ಮಸಾಲಾ' ಅನ್ನುವುದರ ಹಿಂದೆ ಈ ಲೆಕ್ಕ ಇದೆ. ಅದು ನಿರ್ದೇಶಕರ ದಡ್ಡತನವೂ ಅಲ್ಲ, ಪ್ರೇಕ್ಷಕರ ದಡ್ಡತನವೂ ಅಲ್ಲ. ಈ ಲೆಕ್ಕದ ಒಳಗೇ ಇದ್ದುಕೊಂಡು ಅದ್ಭುತ ಮಾಡಿದವರೂ ಇದ್ದರು. 1977ರ 'ಅಮರ್ ಅಕ್ಬರ್ ಆಂಥೋನಿ' ನೋಡಿ. ಮೂವರು ಹೀರೋ, ಮೂರು ಧರ್ಮ, ಕಳೆದುಹೋದ ಮಕ್ಕಳು, ಎಲ್ಲವೂ ಇದೆ. ಆದರೂ ಮೂವರು ಸಾಲಾಗಿ ಮಲಗಿ, ಪರಿಚಯವೇ ಇಲ್ಲದ ತಾಯಿಗೆ ರಕ್ತ ಕೊಡುವ ದೃಶ್ಯ ಬಂದಾಗ ಮನಸ್ಸು ಕರಗುತ್ತದೆ.

ಇನ್ನು ಎರಡನೇ ದುಡ್ಡು, ಸರ್ಕಾರದ್ದು. ಎಸ್.ಕೆ. ಪಾಟೀಲ್ ಅಧ್ಯಕ್ಷತೆಯ ಸಮಿತಿಯೊಂದು 1951ರಲ್ಲೇ ವರದಿ ಕೊಟ್ಟಿತ್ತು. ಒಳ್ಳೆ ಸಿನಿಮಾಕ್ಕೆ ಸಾಲ ಕೊಡುವ ಸಂಸ್ಥೆ ಬೇಕು, ಸಿನಿಮಾ ಕಲಿಸುವ ಶಾಲೆ ಬೇಕು ಅಂತ. ಎರಡೂ ಬಂದದ್ದು 1960ರಲ್ಲಿ. ಸಾಲಕ್ಕೆ ಫಿಲ್ಮ್ ಫೈನಾನ್ಸ್ ಕಾರ್ಪೊರೇಷನ್, ಜನರ ಬಾಯಲ್ಲಿ ಎಫ್‌ಎಫ್‌ಸಿ. ಶಾಲೆ ಪುಣೆಯಲ್ಲಿ, ಹಳೆಯ ಪ್ರಭಾತ್ ಸ್ಟುಡಿಯೋ ಜಾಗದಲ್ಲಿ. 1964ರಲ್ಲಿ ಅದೇ ಊರಿನಲ್ಲಿ ರಾಷ್ಟ್ರೀಯ ಫಿಲ್ಮ್ ಆರ್ಕೈವ್ ಕೂಡ ಶುರುವಾಯಿತು. ಹಾಗಾಗಿ ಒಂದೇ ಊರಿನಲ್ಲಿ ಹುಡುಗರು ಕ್ಯಾಮರಾ ಕಲಿಯುತ್ತಿದ್ದರು, ಪ್ರಪಂಚದ ಸಿನಿಮಾಗಳನ್ನೂ ನೋಡುತ್ತಿದ್ದರು. ಅರವತ್ತರ ದಶಕದ ಕೊನೆಯಲ್ಲಿ ಎಫ್‌ಎಫ್‌ಸಿ ಒಂದು ನಿರ್ಧಾರ ಮಾಡಿತು. ದೊಡ್ಡವರಿಗೆ ದೊಡ್ಡ ಸಾಲ ಕೊಡುವ ಬದಲು ಹೊಸಬರಿಗೆ, ಕಡಿಮೆ ಬಜೆಟ್ಟಿಗೆ, ಸಣ್ಣ ಸಾಲ ಕೊಡೋಣ ಅಂತ. 'ಭುವನ್ ಶೋಮ್', ಬಾಸು ಚಟರ್ಜಿ ಅವರ 'ಸಾರಾ ಆಕಾಶ್', ಮಣಿ ಕೌಲ್ ಅವರ 'ಉಸ್ಕಿ ರೋಟಿ' ಹೆಚ್ಚುಕಮ್ಮಿ ಒಟ್ಟಿಗೇ ಬಂದವು. ಮೂರಕ್ಕೂ ಕ್ಯಾಮರಾ ಹಿಡಿದವರು ಕೆ.ಕೆ. ಮಹಾಜನ್ ಅನ್ನುವ ಒಬ್ಬರೇ. ಪುಣೆ ಶಾಲೆಯ ಹುಡುಗ.

ಸ್ಟಾರ್ ಇಲ್ಲ, ಸೆಟ್ ಇಲ್ಲ. ಮೊದಲೇ ದುಡ್ಡು ಕೊಟ್ಟ ಹಂಚಿಕೆದಾರನೂ ಇಲ್ಲ. ಹಾಗಾಗಿ ಅವನ ಬೇಡಿಕೆಯೂ ಇಲ್ಲ. ಹಾಡು ಹಾಕಲೇಬೇಕು ಅಂತಿಲ್ಲ.

'ಉಸ್ಕಿ ರೋಟಿ' ಬಗ್ಗೆ ಒಂದು ಮಾತು ಹೇಳಬೇಕು. 'ಆರ್ಟ್ ಸಿನಿಮಾ ಅಂದ್ರೆ ನಿದ್ದೆ ಬರುತ್ತೆ' ಅನ್ನುವವರು ಮನಸ್ಸಿನಲ್ಲಿ ಇಟ್ಟುಕೊಂಡಿರುವುದು ಇಂಥ ಚಿತ್ರವನ್ನೇ. ಪಂಜಾಬಿನ ಒಬ್ಬ ಹೆಂಗಸು, ಬಾಲೋ. ಗಂಡ ಬಸ್ ಡ್ರೈವರ್. ದಿನಾ ರೊಟ್ಟಿ ಕಟ್ಟಿಕೊಂಡು ರಸ್ತೆ ಬದಿಯಲ್ಲಿ ಅವನ ಬಸ್ಸಿಗೆ ಕಾಯುತ್ತಾಳೆ. ಒಂದು ದಿನ ತಡವಾಗುತ್ತದೆ. ಅವಳು ಕಾಯುತ್ತಲೇ ಇರುತ್ತಾಳೆ. ಮಣಿ ಕೌಲ್ ಅವಳ ಕಾಯುವಿಕೆಯ ಬಗ್ಗೆ ನಮಗೆ ಕಥೆ ಹೇಳುವುದಿಲ್ಲ. ನಮ್ಮನ್ನೂ ಅವಳ ಜೊತೆ ಕಾಯಿಸುತ್ತಾರೆ. ಅವಳ ಕೈ, ಹಿಟ್ಟು, ಖಾಲಿ ರಸ್ತೆ, ಒಂದು ಮರ. ಕಥೆ ಮುಂದೆ ಹೋಗಲಿ ಅಂತ ನೋಡಿದರೆ ಬೇಜಾರಾಗುತ್ತದೆ. ಕಾಯುವ ಹೆಂಗಸಿಗೆ ಒಂದು ಮಧ್ಯಾಹ್ನ ಎಷ್ಟು ಉದ್ದ ಅಂತ ನೋಡಿದರೆ ಎದೆ ಭಾರವಾಗುತ್ತದೆ. ನಮ್ಮೂರಿನ ಬಸ್ ಸ್ಟಾಪಿನಲ್ಲಿ ಬುತ್ತಿ ಹಿಡಿದು ಕೂತ ಹೆಂಗಸರನ್ನು ನಾನು ಆ ಚಿತ್ರ ನೋಡಿದ ಮೇಲೆ ಬೇರೆ ಥರ ನೋಡತೊಡಗಿದೆ.

ಸರ್ಕಾರದ ದುಡ್ಡಿನಲ್ಲಿ ಒಂದು ದೊಡ್ಡ ತೊಡಕಿತ್ತು. ಸಿನಿಮಾ ಮಾಡಲು ಸಾಲ ಸಿಗುತ್ತಿತ್ತು. ತೋರಿಸಲು ಥಿಯೇಟರ್ ಸಿಗುತ್ತಿರಲಿಲ್ಲ. ಥಿಯೇಟರ್ ಮಾಲೀಕನ ನಂಟು ಹಂಚಿಕೆದಾರನ ಜೊತೆ. ಹಂಚಿಕೆದಾರನಿಗೆ ಸ್ಟಾರ್ ಬೇಕು. ಹಾಗಾಗಿ ಎಷ್ಟೋ ಒಳ್ಳೆ ಚಿತ್ರಗಳು ಪ್ರಶಸ್ತಿ ಪಡೆದು ಡಬ್ಬದಲ್ಲೇ ಉಳಿದವು. ನೋಡಿದವರು ಫಿಲ್ಮ್ ಸೊಸೈಟಿಯವರು ಮಾತ್ರ. 'ಜನ ಈ ಚಿತ್ರಗಳನ್ನು ತಿರಸ್ಕರಿಸಿದರು' ಅಂತ ಸಲೀಸಾಗಿ ಹೇಳುತ್ತೇವೆ. ನನಗೆ ಆ ಮಾತು ಅನ್ಯಾಯ ಅನಿಸುತ್ತದೆ. ತೋರಿಸಿದ್ದರೆ ತಾನೇ ತಿರಸ್ಕರಿಸುವುದು?

ಹಾಗೆ ಡಬ್ಬದಲ್ಲೇ ಉಳಿದುಹೋಗಬಹುದಾಗಿದ್ದ, ಆದರೆ ಉಳಿಯದ ಒಂದು ಚಿತ್ರ 'ಗರಂ ಹವಾ'. ಇದರ ನಿರ್ದೇಶಕ ಎಂ.ಎಸ್. ಸತ್ಯು, ನಮ್ಮ ಮೈಸೂರಿನವರು. ಮುಂದೆ ಕನ್ನಡದಲ್ಲಿ 'ಕನ್ನೇಶ್ವರ ರಾಮ', 'ಬರ' ಮಾಡಿದವರು. ಇಸ್ಮತ್ ಚುಗ್ತಾಯಿ ಅವರ ಅಚ್ಚಾಗದ ಒಂದು ಕಥೆ ಹಿಡಿದುಕೊಂಡು ಕೈಫಿ ಆಜ್ಮಿ, ಶಮಾ ಜೈದಿ ಚಿತ್ರಕಥೆ ಬರೆದರು. ದೇಶ ಇಬ್ಭಾಗವಾದ ಮೇಲೆ ಆಗ್ರಾದಲ್ಲೇ ಉಳಿದ ಒಂದು ಮುಸ್ಲಿಂ ಕುಟುಂಬದ ಕಥೆ. ಮನೆಯ ಯಜಮಾನ ಸಲೀಂ ಮಿರ್ಜಾ, ಚಪ್ಪಲಿ-ಶೂ ತಯಾರಿಸುವ ವ್ಯಾಪಾರಿ. ನೆಂಟರು ಒಬ್ಬೊಬ್ಬರಾಗಿ ಪಾಕಿಸ್ತಾನದ ರೈಲು ಹತ್ತುತ್ತಾರೆ. ಬ್ಯಾಂಕಿನವರು ಸಾಲ ಕೊಡುವುದಿಲ್ಲ. ಹವೇಲಿ ಕೈಬಿಟ್ಟು ಹೋಗುತ್ತದೆ. ಬಾಡಿಗೆ ಮನೆ ಕೊಡುವವರಿಲ್ಲ. ಮಿರ್ಜಾ ಆಗಿ ಬಲರಾಜ್ ಸಾಹ್ನಿ ಒಂದು ಸಲವೂ ದನಿ ಎತ್ತುವುದಿಲ್ಲ. ಅವರ ಭುಜ ಮಾತ್ರ ದೃಶ್ಯದಿಂದ ದೃಶ್ಯಕ್ಕೆ ಸ್ವಲ್ಪ ಸ್ವಲ್ಪ ಕುಸಿಯುತ್ತಾ ಹೋಗುತ್ತದೆ.

ಎಫ್‌ಎಫ್‌ಸಿ ಸಾಲ ಎರಡೂವರೆ ಲಕ್ಷ ರೂಪಾಯಿ. ಅದು ಸಾಲದೆ ಸತ್ಯು ಸ್ನೇಹಿತರಿಂದ ಕೈಸಾಲ ಮಾಡಿದರು. ಸ್ಥಳದಲ್ಲೇ ಸೌಂಡ್ ರೆಕಾರ್ಡ್ ಮಾಡುವ ಸಲಕರಣೆಗೆ ದುಡ್ಡಿಲ್ಲ. ಹಾಗಾಗಿ ಇಡೀ ಚಿತ್ರವನ್ನು ಮೂಕಿಯಾಗಿ ತೆಗೆದು ಆಮೇಲೆ ಬೊಂಬಾಯಿಯಲ್ಲಿ ದನಿ ಸೇರಿಸಿದರು. ಆಗ್ರಾದಲ್ಲಿ ಜನ ಸೇರಿ ಗಲಾಟೆ ಮಾಡುತ್ತಾರೆ ಅಂತ, ಫಿಲ್ಮೇ ಇಲ್ಲದ ಕ್ಯಾಮರಾ ಕೊಟ್ಟು ಇನ್ನೊಂದು ತಂಡವನ್ನು ಬೇರೆ ಬೀದಿಗೆ ಕಳಿಸುತ್ತಿದ್ದರು. ಗುಂಪು ಅತ್ತ ಹೋಗುತ್ತಿತ್ತು, ಇತ್ತ ಶೂಟಿಂಗ್ ನಡೆಯುತ್ತಿತ್ತು.

ಆ ಚಿತ್ರದ ಅಜ್ಜಿಯ ಪಾತ್ರ ನೋಡಿದವರು ಮರೆಯುವುದಿಲ್ಲ. ಹವೇಲಿ ಬಿಟ್ಟು ಹೊರಡುವ ದಿನ ಅಜ್ಜಿ ಸೌದೆ ಇಡುವ ಮೂಲೆಯಲ್ಲಿ ಬಚ್ಚಿಟ್ಟುಕೊಂಡು ಕೂರುತ್ತಾಳೆ. ಬರುವುದಿಲ್ಲ ಅನ್ನುತ್ತಾಳೆ. ಎತ್ತಿಕೊಂಡೇ ಹೋಗಬೇಕಾಗುತ್ತದೆ. ಆಮೇಲೆ ಸಾಯುವ ಹೊತ್ತಿಗೆ ಹಳೆಯ ಮನೆ ನೋಡಬೇಕು ಅಂತ ಹಂಬಲಿಸುತ್ತಾಳೆ. ಪಲ್ಲಕ್ಕಿಯಲ್ಲಿ ಹೊತ್ತು ತರುತ್ತಾರೆ. ಅದೇ ಹವೇಲಿಗೆ ಅವಳು ಮದುವಣಗಿತ್ತಿಯಾಗಿ ಪಲ್ಲಕ್ಕಿಯಲ್ಲೇ ಬಂದಿದ್ದಳು. ಆ ಹಳೆಯ ದಿನದ ಶಹನಾಯಿ ಅವಳ ಕಿವಿಗೆ ಕೇಳುತ್ತದೆ. ಈ ಪಾತ್ರ ಮಾಡಿದವರು ಬದರ್ ಬೇಗಂ ಅನ್ನುವ ಆಗ್ರಾದ ವೃದ್ಧೆ. ಹದಿನಾರನೇ ವಯಸ್ಸಿನಲ್ಲಿ ಸಿನಿಮಾ ಹೀರೋಯಿನ್ ಆಗಬೇಕು ಅಂತ ಬೊಂಬಾಯಿಗೆ ಓಡಿಹೋಗಿ, ಆಗದೆ ವಾಪಸ್ ಬಂದಿದ್ದವರು. ಇಳಿವಯಸ್ಸಿನಲ್ಲಿ ಕ್ಯಾಮರಾ ಅವರ ಊರಿಗೇ ಬಂತು. ಇದನ್ನು ಓದಿದ ಮೇಲೆ ಆ ದೃಶ್ಯವನ್ನು ನಾನು ಕಣ್ಣೊರೆಸಿಕೊಳ್ಳದೆ ನೋಡಿಲ್ಲ.

ಬಲರಾಜ್ ಸಾಹ್ನಿ ಡಬ್ಬಿಂಗ್ ಮುಗಿಸಿದ ಮರುದಿನವೇ, 1973ರ ಏಪ್ರಿಲ್ 13ರಂದು, ತೀರಿಕೊಂಡರು. ತಮ್ಮ ಅತ್ಯುತ್ತಮ ಪಾತ್ರವನ್ನು ಪರದೆ ಮೇಲೆ ನೋಡಲೇ ಇಲ್ಲ. ಗಲಭೆ ಆದೀತು ಅಂತ ಹೆದರಿ ಸೆನ್ಸಾರ್ ತಿಂಗಳುಗಟ್ಟಲೆ ಚಿತ್ರವನ್ನು ತಡೆಹಿಡಿಯಿತು. ಸಾಲ ಕೊಟ್ಟದ್ದೂ ಸರ್ಕಾರದ ಸಂಸ್ಥೆ, ತಡೆದದ್ದೂ ಸರ್ಕಾರದ ಸಂಸ್ಥೆ. ಕೊನೆಗೆ ಅದು ಮೊದಲು ತೆರೆ ಕಂಡದ್ದು ಬೆಂಗಳೂರಿನಲ್ಲಿ. ಯಾವ ಗಲಭೆಯೂ ಆಗಲಿಲ್ಲ. ಆಮೇಲೆ ಬೇರೆ ಊರುಗಳಿಗೆ ಹೋಯಿತು, ರಾಷ್ಟ್ರೀಯ ಭಾವೈಕ್ಯದ ಪ್ರಶಸ್ತಿಯನ್ನೂ ಪಡೆಯಿತು.

ಮೂರನೇ ಥರದ ದುಡ್ಡು ಬಂದದ್ದು ಜಾಹೀರಾತಿನಿಂದ. ಶ್ಯಾಮ್ ಬೆನೆಗಲ್ ಹುಟ್ಟಿ ಬೆಳೆದದ್ದು ಹೈದರಾಬಾದಿನ ಪಕ್ಕ. ಮನೆತನದ ಹೆಸರು ಉಡುಪಿ ಕಡೆಯ ಬೆನೆಗಲ್ ಊರಿನದು. ಬೆಂಗಳೂರಿನಲ್ಲಿ ಹುಟ್ಟಿದ ಗುರುದತ್ ಅವರಿಗೆ ದೂರದ ಸಂಬಂಧಿ. ಬೆನೆಗಲ್ ನೂರಾರು ಜಾಹೀರಾತು ಚಿತ್ರ ತೆಗೆದಿದ್ದರು. ಕೈಯಲ್ಲಿ 'ಅಂಕುರ್' ಕಥೆ ಹಿಡಿದು ಹತ್ತು ವರ್ಷಕ್ಕೂ ಜಾಸ್ತಿ ಕಾಲ ನಿರ್ಮಾಪಕರ ಬಾಗಿಲು ತಟ್ಟಿದರು. ಕೊನೆಗೆ ಒಪ್ಪಿದ್ದು ಬ್ಲೇಜ್ ಅನ್ನುವ ಸಂಸ್ಥೆ. ಇದರ ಕೆಲಸ ದೇಶದ ಥಿಯೇಟರುಗಳಿಗೆ ಜಾಹೀರಾತು ಚಿತ್ರಗಳನ್ನು ತಲುಪಿಸುವುದು. ಅಂದರೆ ಥಿಯೇಟರ್ ಮಾಲೀಕರ ಪರಿಚಯ ಇವರಿಗೆ ಮೊದಲೇ ಇತ್ತು. ಎಫ್‌ಎಫ್‌ಸಿ ಚಿತ್ರಗಳಿಗೆ ಇಲ್ಲದಿದ್ದದ್ದು ಇದೇ ಅಲ್ವಾ? 1974ರಲ್ಲಿ ಬಂದ 'ಅಂಕುರ್' ಥಿಯೇಟರಿನಲ್ಲಿ ಓಡಿತು. ದುಡ್ಡೂ ಮಾಡಿತು.

ನಾನು 'ಅಂಕುರ್' ಮೊದಲ ಸಲ ನೋಡಿದ್ದು ದೂರದರ್ಶನದಲ್ಲಿ, ರಾತ್ರಿ ತಡವಾಗಿ. 'ಅನಂತ್‌ನಾಗ್ ಬಂದ, ಬಾ' ಅಂತ ಅಮ್ಮ ಕರೆದಳು. ನಮಗೆ ಅವರು ನಗಿಸುವ ಹೀರೋ. ಇಲ್ಲಿ ನೋಡಿದರೆ ಜಮೀನ್ದಾರನ ಮಗ ಸೂರ್ಯ. ಮೊದಮೊದಲು ಒಳ್ಳೆಯವನ ಹಾಗೇ ಕಾಣುತ್ತಾನೆ. ಕೆಲಸದವಳು ಲಕ್ಷ್ಮಿ ಕೆಳಜಾತಿಯವಳಾದರೂ ಅವಳ ಕೈಯಲ್ಲಿ ಟೀ ಮಾಡಿಸಿಕೊಂಡು ಕುಡಿಯುತ್ತಾನೆ, ಊರ ಕಟ್ಟುಪಾಡು ಕೇಳುವುದಿಲ್ಲ. ಅವಳ ಗಂಡ ಊರು ಬಿಟ್ಟಾಗ ಅವಳನ್ನು ಬಳಸಿಕೊಳ್ಳುತ್ತಾನೆ. ಅವಳು ಬಸುರಿಯಾದಾಗ ಕೈಬಿಡುತ್ತಾನೆ. ಮೂಗನಾದ ಆ ಗಂಡ ವಾಪಸ್ ಬಂದು ಕೆಲಸ ಕೇಳಲು ಹೊರಟಾಗ, ಹೊಡೆಯಲು ಬಂದ ಅಂತ ಹೆದರಿ ಸೂರ್ಯನೇ ಅವನನ್ನು ಬಾರಿಸುತ್ತಾನೆ. ಅಮ್ಮ ಅಷ್ಟು ಹೊತ್ತಿಗೆ ಮಾತು ನಿಲ್ಲಿಸಿದ್ದಳು. ಲಕ್ಷ್ಮಿ ಶಾಪ ಹಾಕುತ್ತಾಳೆ. ಎಲ್ಲರೂ ಹೋಗುತ್ತಾರೆ. ಒಬ್ಬ ಪುಟ್ಟ ಹುಡುಗ ಮಾತ್ರ ನಿಂತು, ಒಂದು ಕಲ್ಲೆತ್ತಿ ಮನೆಯ ಕಿಟಕಿಗೆ ಬೀಸಿ ಓಡುತ್ತಾನೆ. ಗಾಜು ಒಡೆಯುತ್ತದೆ. ಪರದೆ ಪೂರ್ತಿ ಕೆಂಪಾಗುತ್ತದೆ. 'ಅಷ್ಟೇನಾ?' ಅಂದಳು ಅಮ್ಮ. ಸ್ವಲ್ಪ ಹೊತ್ತು ಬಿಟ್ಟು, 'ಅಷ್ಟಾದರೂ ಹೊಡೆದನಲ್ಲ' ಅಂದಳು.

ಪಾತ್ರಗಳು ಆಡುವುದು ದಖ್ಖನಿ ಹಿಂದಿ. ಬೊಂಬಾಯಿಯ ಹಂಚಿಕೆದಾರನಿಗೆ ಇಂಥ ಒಂದು ಸೀಮೆಯ ಮಾತು ಅಪಾಯ. ಎಲ್ಲ ಟೆರಿಟರಿಗೂ ಅರ್ಥವಾಗಬೇಕಲ್ಲ! ಹಾಗಾಗಿ ಜನಪ್ರಿಯ ಸಿನಿಮಾದ ಹಿಂದಿಗೆ ಊರೇ ಇರುವುದಿಲ್ಲ. ದುಡ್ಡು ಬದಲಾದಾಗ ಭಾಷೆಗೂ ಒಂದು ಊರು ಸಿಕ್ಕಿತು. ಲಕ್ಷ್ಮಿಯ ಪಾತ್ರ ಮಾಡಿದ ಶಬಾನಾ ಆಜ್ಮಿ, ಅವಳ ಗಂಡನ ಪಾತ್ರ ಮಾಡಿದ ಸಾಧು ಮೆಹರ್ ಇಬ್ಬರಿಗೂ ರಾಷ್ಟ್ರಪ್ರಶಸ್ತಿ ಬಂತು.

ಇದರ ಮುಂದಿನ ವರ್ಷ 'ನಿಶಾಂತ್'. ಅದರಲ್ಲಿ ಮೇಷ್ಟರಾಗಿ ಗಿರೀಶ್ ಕಾರ್ನಾಡ್. ಆಗ ಕಾರ್ನಾಡರು ಪುಣೆಯ ಸಿನಿಮಾ ಶಾಲೆಯ ನಿರ್ದೇಶಕರಾಗಿದ್ದರು. ಅಲ್ಲಿ ವಿದ್ಯಾರ್ಥಿಗಳ ಮುಷ್ಕರ ನಡೆಯಿತು. ಮುಷ್ಕರದಲ್ಲಿ ಕಾರ್ನಾಡರಿಗೆ ಎದುರು ನಿಂತ ಹುಡುಗರಲ್ಲಿ ನಾಸಿರುದ್ದೀನ್ ಶಾ ಒಬ್ಬರು. ಆದರೂ ಬೆನೆಗಲ್ ನಟರನ್ನು ಹುಡುಕುತ್ತಿದ್ದಾಗ ಕಾರ್ನಾಡರು ಹೇಳಿದ್ದು ನಾಸಿರ್ ಹೆಸರನ್ನೇ.

ಇನ್ನು 1975. ಎರಡು ವರ್ಷದಿಂದ ಬೆಲೆಗಳು ಏರಿದ್ದವು. ಗುಜರಾತಿನಲ್ಲಿ, ಬಿಹಾರದಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದಿದ್ದರು. 1974ರ ಮೇನಲ್ಲಿ ರೈಲ್ವೆ ಕಾರ್ಮಿಕರ ದೊಡ್ಡ ಮುಷ್ಕರವಾಗಿತ್ತು. ಡಿಗ್ರಿ ಮುಗಿಸಿದ ಹುಡುಗರಿಗೆ ಕೆಲಸವಿರಲಿಲ್ಲ. ಕಿಟಕಿಗೆ ಕಲ್ಲು ಬೀಸಿದ ಆ ಹುಡುಗನ ಸಿಟ್ಟು ಊರೆಲ್ಲ ಇತ್ತು. ಅದು ಜನಪ್ರಿಯ ಸಿನಿಮಾಕ್ಕೂ ಬಾರದೇ ಇರುತ್ತದೆಯೇ?

ಅಲ್ಲಿಗೆ ಅದನ್ನು ತಂದವರು ಸಲೀಂ-ಜಾವೇದ್ ಅನ್ನುವ ಚಿತ್ರಕಥೆಗಾರರ ಜೋಡಿ. 1973ರ 'ಜಂಜೀರ್'ನಲ್ಲಿ ಅವರು ಬರೆದ ಪಾತ್ರವನ್ನು ಹಲವು ದೊಡ್ಡ ಹೀರೋಗಳು ಬೇಡ ಎಂದರು. ಹೀರೋ ಹಾಡುವುದಿಲ್ಲ, ನಗುವುದಿಲ್ಲ. ಅದು ಅಮಿತಾಭ್ ಪಾಲಿಗೆ ಬಂತು. 'ದೀವಾರ್'ನ ವಿಜಯ್ ಬಂದರಿನ ಕೂಲಿ. ಅಪ್ಪ ಕಾರ್ಮಿಕರ ನಾಯಕ. ಹೆಂಡತಿ ಮಕ್ಕಳ ಜೀವ ಉಳಿಸಲು ಮಾಲೀಕನ ಕಾಗದಕ್ಕೆ ಸಹಿ ಹಾಕಿ, ಮರ್ಯಾದೆ ಕಳೆದುಕೊಂಡು ಓಡಿಹೋದವನು. ಊರವರು ಆ ಪುಟ್ಟ ಹುಡುಗನ ತೋಳಿನ ಮೇಲೆ 'ನನ್ನಪ್ಪ ಕಳ್ಳ' ಅಂತ ಹಚ್ಚೆ ಚುಚ್ಚುತ್ತಾರೆ. ಒಬ್ಬ ಕಾರ್ಮಿಕ ನಾಯಕ ಹೇಗೆ ಮುರಿದುಬೀಳುತ್ತಾನೆ ಅನ್ನುವುದನ್ನು ಒಂದು ಮಸಾಲಾ ಚಿತ್ರ ಹತ್ತೇ ನಿಮಿಷದಲ್ಲಿ ಇಷ್ಟು ಖಾರವಾಗಿ ಹೇಳುತ್ತದೆ. ಬೆನೆಗಲ್ ಚಿತ್ರದಲ್ಲಿ ಸಿಟ್ಟು ಇಡೀ ಊರಿನದು. ಇಲ್ಲಿ ಅದು ಒಬ್ಬನದು, ಯಾಕೆಂದರೆ ಟಿಕೆಟ್ ಮಾರಬೇಕಾದದ್ದು ಒಬ್ಬ ಸ್ಟಾರ್ ಹೆಸರಿನಲ್ಲಿ.

'ಶೋಲೆ' ನಮಗೆಲ್ಲ ಹತ್ತಿರದ್ದು. ಬೆಂಗಳೂರು-ಮೈಸೂರು ದಾರಿಯಲ್ಲಿ ರಾಮನಗರ ಬಂದರೆ ಯಾರಾದರೊಬ್ಬರು ಬಂಡೆಗಳ ಕಡೆ ಕೈ ತೋರಿಸದೆ ಇರುವುದಿಲ್ಲ. 1973ರ ಅಕ್ಟೋಬರಿನಲ್ಲಿ ರಾಮದೇವರ ಬೆಟ್ಟದ ಬುಡದಲ್ಲಿ ಶೂಟಿಂಗ್ ಶುರುವಾಯಿತು. ಕಲಾ ನಿರ್ದೇಶಕ ರಾಮ್ ಯಡೇಕರ್ ಅಲ್ಲಿ ಒಂದು ಇಡೀ ಊರನ್ನೇ ಕಟ್ಟಿದರು. ಅದರ ಒಂದು ದೃಶ್ಯ ನೆನಪಿಸಿಕೊಳ್ಳಿ. ಸಂಜೆ. ವಿಧವೆ ರಾಧಾ ಹವೇಲಿಯ ವರಾಂಡದಲ್ಲಿ ಒಂದೊಂದೇ ದೀಪ ಆರಿಸುತ್ತಾ ಹೋಗುತ್ತಾಳೆ. ಎದುರಿಗೆ ಕೂತ ಜಯ್ ಮೌತ್ ಆರ್ಗನ್ ನುಡಿಸುತ್ತಾನೆ. ಒಂದು ಮಾತಿಲ್ಲ. ಸೂರ್ಯ ಮುಳುಗಿ ಕತ್ತಲಾಗುವ ಮುಂಚಿನ ಆ ಬೆಳಕು ದಿನಕ್ಕೆ ಕೆಲವೇ ನಿಮಿಷ ಸಿಗುತ್ತದೆ. ನಿರ್ದೇಶಕ ರಮೇಶ್ ಸಿಪ್ಪಿ, ಕ್ಯಾಮರಾಮನ್ ದ್ವಾರಕಾ ದಿವೇಚಾ ಅದೇ ಬೆಳಕು ಬೇಕು ಅಂತ ದಿನಗಟ್ಟಲೆ ಕಾದರು. ಬೆಳಕಿಗೆ ಹೀಗೆ ಕಾಯುವುದನ್ನು ನಾವು ಮಣಿ ಕೌಲ್ ಥರದವರ ಕೆಲಸ ಅಂದುಕೊಳ್ಳುತ್ತೇವೆ. ಇಲ್ಲಿ ನೋಡಿದರೆ ಆ ಕಾಲದ ಅತಿ ದುಬಾರಿ ಹಿಂದಿ ಚಿತ್ರಗಳಲ್ಲಿ ಒಂದು ಅದನ್ನೇ ಮಾಡಿತ್ತು.

1975ರ ಜೂನ್ 25ರಂದು ತುರ್ತು ಪರಿಸ್ಥಿತಿ ಬಂತು. 'ಶೋಲೆ'ಯ ಮೂಲ ಕೊನೆಯಲ್ಲಿ ಠಾಕೂರ್ ತನ್ನ ಮೊಳೆ ಹೊಡೆದ ಶೂಗಳಿಂದ ಗಬ್ಬರ್‌ನನ್ನು ತುಳಿದು ಸಾಯಿಸುತ್ತಾನೆ. ಪೊಲೀಸ್ ಆಗಿದ್ದವನೇ ಕಾನೂನು ಕೈಗೆತ್ತಿಕೊಳ್ಳುವಂತಿಲ್ಲ ಅಂತ ಸೆನ್ಸಾರ್ ಪಟ್ಟು ಹಿಡಿಯಿತು. ತರಾತುರಿಯಲ್ಲಿ ಬೇರೆ ಕೊನೆ ತೆಗೆದರು. ಪೊಲೀಸರು ಬಂದು ಗಬ್ಬರ್‌ನನ್ನು ಹಿಡಿಯುತ್ತಾರೆ. ಆಗಸ್ಟ್ 15ಕ್ಕೆ ಚಿತ್ರ ಬಿಡುಗಡೆಯಾಯಿತು. ಮೊದಲ ವಾರಗಳಲ್ಲಿ ಸೋಲಬಹುದು ಅನ್ನುವ ಭಯವಿತ್ತು. ಆಮೇಲೆ ಬೊಂಬಾಯಿಯ ಮಿನರ್ವಾ ಥಿಯೇಟರಿನಲ್ಲಿ ಐದು ವರ್ಷ ಓಡಿತು. ಡೈಲಾಗಿನ ಗ್ರಾಮಫೋನ್ ರೆಕಾರ್ಡೇ ಬೇರೆ ಮಾರಾಟವಾಯಿತು. ಮದುವೆ ಮನೆ, ಗಣೇಶನ ಪೆಂಡಾಲು, ಹೋಟೆಲು, ಎಲ್ಲೆಲ್ಲೂ ಗಬ್ಬರ್ ದನಿ.

ಅದೇ ತುರ್ತು ಪರಿಸ್ಥಿತಿ ಬೇರೆಯವರ ಮೇಲೆ ಇನ್ನೂ ಗಟ್ಟಿಯಾಗಿ ಬಿತ್ತು. ಗುಲ್ಜಾರ್ ಅವರ 'ಆಂಧಿ' ಥಿಯೇಟರಿನಿಂದ ಇಳಿಯಿತು. ನಾಯಕಿಯ ಬಿಳಿಗೂದಲಿನ ಎಳೆ ಇಂದಿರಾ ಗಾಂಧಿಯವರನ್ನು ನೆನಪಿಸುತ್ತಿತ್ತು. 'ಕಿಸ್ಸಾ ಕುರ್ಸಿ ಕಾ' ಅನ್ನುವ ರಾಜಕೀಯ ವಿಡಂಬನೆಯ ನೆಗೆಟಿವನ್ನೇ ಸುಟ್ಟುಹಾಕಿದರು. ಅದೇ ವರ್ಷ 'ಜೈ ಸಂತೋಷಿ ಮಾ' ಅನ್ನುವ ಸಣ್ಣ ಬಜೆಟ್ಟಿನ ಭಕ್ತಿ ಚಿತ್ರ ಬಂದು ದೊಡ್ಡವರ ಜೊತೆ ಸರಿಸಮ ಓಡಿತು. ಹೆಂಗಸರು ಚಪ್ಪಲಿ ಹೊರಗೆ ಬಿಟ್ಟು ಥಿಯೇಟರಿಗೆ ಹೋಗಿ, ಪರದೆಗೆ ಹೂವು, ಚಿಲ್ಲರೆ ಎರಚಿದರು.

'ಕಮರ್ಷಿಯಲ್', 'ಆರ್ಟ್', ಇವೆರಡರ ನಡುವೆ ಒಂದು ದಾರಿ ಇತ್ತು. ಹೃಷಿಕೇಶ್ ಮುಖರ್ಜಿ, ಬಾಸು ಚಟರ್ಜಿ, ಗುಲ್ಜಾರ್. 'ಸಾರಾ ಆಕಾಶ್' ಮಾಡಿ ಹೊಸ ಅಲೆಯಲ್ಲಿ ಶುರುಮಾಡಿದ ಬಾಸು ಚಟರ್ಜಿಯೇ 1974ರಲ್ಲಿ 'ರಜನಿಗಂಧಾ' ಮಾಡಿದರು. ಮುಂದೆ 'ಛೋಟಿ ಸಿ ಬಾತ್', 'ಚಿತ್‌ಚೋರ್'. ಅಮೋಲ್ ಪಾಲೇಕರ್ ಥರದ, ಬಸ್ಸಿಗೆ ಓಡುವ, ಆಫೀಸಿಗೆ ತಡವಾಗುವ ಹೀರೋ. ಕಡಿಮೆ ಖರ್ಚು, ಒಳ್ಳೆ ಹಾಡು. ನಗರದ ಮಧ್ಯಮ ವರ್ಗದವರು ಬಂದು ನೋಡಿದರೆ ಸಾಕು, ದುಡ್ಡು ವಾಪಸ್. ಗಿರೀಶ್ ಕಾರ್ನಾಡರು ಶಬಾನಾ ಜೊತೆ ಮಾಡಿದ 'ಸ್ವಾಮಿ' ಕೂಡ ಇದೇ ದಾರಿಯದು. ಈ ಚಿತ್ರಗಳನ್ನು ಇವತ್ತಿಗೂ ಜನ ಪ್ರೀತಿಯಿಂದ ನೋಡುತ್ತಾರೆ, ಜಾಸ್ತಿ ವಿವರಣೆ ಬೇಕಿಲ್ಲ.

ಈ ಎರಡರ ನಡುವೆ ಗೋಡೆ ಇರಲಿಲ್ಲ ಅನ್ನುವುದಕ್ಕೆ ಇನ್ನೂ ಎರಡು ಉದಾಹರಣೆ ಕೊಡುತ್ತೇನೆ. 1975ರಲ್ಲಿ ಗಬ್ಬರ್ ಆಗಿದ್ದ ಅಮ್ಜದ್ ಖಾನ್ 1977ರಲ್ಲಿ ಸತ್ಯಜಿತ್ ರೇ ಅವರ 'ಶತರಂಜ್ ಕೆ ಖಿಲಾಡಿ'ಯಲ್ಲಿ ಕವಿಹೃದಯದ ನವಾಬ ವಾಜಿದ್ ಅಲಿ ಶಾ ಆದರು. ಠಾಕೂರ್ ಆಗಿದ್ದ ಸಂಜೀವ್ ಕುಮಾರ್ ಅದರಲ್ಲಿ ಚದುರಂಗದ ಹುಚ್ಚಿನ ಜಮೀನ್ದಾರ. ಕಥೆ ಹೇಳುವ ದನಿ ಮತ್ತೆ ಅಮಿತಾಭ್ ಅವರದೇ. ಎರಡನೆಯದು ಶಶಿ ಕಪೂರ್. 'ದೀವಾರ್'ನಂಥ ಚಿತ್ರಗಳಲ್ಲಿ, ದಿನಕ್ಕೆ ಹಲವು ಶಿಫ್ಟ್ ದುಡಿದು ಸಂಪಾದಿಸಿದ್ದನ್ನು ಅವರು ತಮಗಿಷ್ಟವಾದ ಸಿನಿಮಾಗಳಿಗೆ ಹಾಕಿದರು. ಬೆನೆಗಲ್ ಅವರ 'ಜುನೂನ್', 'ಕಲಿಯುಗ್', ಆಮೇಲೆ ಕಾರ್ನಾಡರು ನಿರ್ದೇಶಿಸಿದ 'ಉತ್ಸವ್', ಎಲ್ಲಕ್ಕೂ ನಿರ್ಮಾಪಕ ಅವರೇ. ಅಂದರೆ ಮಸಾಲಾ ಚಿತ್ರದ ಟಿಕೆಟ್ ದುಡ್ಡೇ ಸುತ್ತಿ ಬಳಸಿ ಕಲಾತ್ಮಕ ಚಿತ್ರಕ್ಕೆ ಹೋಯಿತು.

1980ರ ಹೊತ್ತಿಗೆ ಎಫ್‌ಎಫ್‌ಸಿ ಹೋಗಿ ಅದರ ಜಾಗದಲ್ಲಿ ಸರ್ಕಾರದ್ದೇ ಇನ್ನೊಂದು ಸಂಸ್ಥೆ ಎನ್‌ಎಫ್‌ಡಿಸಿ ಬಂತು. ಥಿಯೇಟರಿನ ಸಮಸ್ಯೆ ಮಾತ್ರ ಹಾಗೇ ಉಳಿಯಿತು. ಆದರೆ ಆ ಸಮಸ್ಯೆಗೆ ಬೇರೆಯೇ ಒಂದು ಉತ್ತರ ಎಪ್ಪತ್ತರ ದಶಕದಲ್ಲೇ ಸಿಕ್ಕಿತ್ತು.

ಬೆನೆಗಲ್ ಗುಜರಾತಿನ ಹಾಲಿನ ಸಹಕಾರ ಸಂಘಗಳ ಬಗ್ಗೆ ಸಿನಿಮಾ ಮಾಡಬೇಕು ಅಂದುಕೊಂಡಾಗ ಆ ಸಂಘಗಳನ್ನು ಬೆಳೆಸಿದ ವರ್ಗೀಸ್ ಕುರಿಯನ್ ಅವರ ಹತ್ತಿರ ಹೋದರು. ಕುರಿಯನ್ ಒಂದು ದಾರಿ ಹೇಳಿದರು. ಸಂಘದ ಸದಸ್ಯರು ಬೆಳಿಗ್ಗೆ ಹಾಲು ಹಾಕಿದಾಗ ಸಿಗುವ ದುಡ್ಡಿನಲ್ಲಿ ತಲಾ 2 ರೂಪಾಯಿ ಕೊಡಲಿ. 5 ಲಕ್ಷ ರೈತರು ಕೊಟ್ಟರು. 10 ಲಕ್ಷ ರೂಪಾಯಿ ಆಯಿತು. 'ಮಂಥನ್' ತಯಾರಾಯಿತು. ಹಳ್ಳಿಗೆ ಬಂದ ದನದ ಡಾಕ್ಟರ್ ರಾವ್ ಆಗಿ ಕಾರ್ನಾಡರು, ಜೊತೆಯವರಲ್ಲಿ ಒಬ್ಬರಾಗಿ ಅನಂತ್‌ನಾಗ್. ಬಿಂದು ಆಗಿ ಸ್ಮಿತಾ ಪಾಟೀಲ್. ಯಾರನ್ನೂ ನಂಬದ ಭೋಲಾ ಆಗಿ ನಾಸಿರ್. ಸರಪಂಚನ ದರ್ಬಾರು, ಹಾಲಿನ ಡೈರಿ ಮಾಲೀಕನ ಮೋಸ, ಸಂಘದಲ್ಲೂ ಒಳಗೆ ಬಂದ ಜಾತಿ, ಯಾವುದನ್ನೂ ಚಿತ್ರ ಮುಚ್ಚಿಡುವುದಿಲ್ಲ. ಡಾಕ್ಟರ್ ಸೋತು ರೈಲು ಹತ್ತುತ್ತಾನೆ. ಸಂಘವನ್ನು ಮತ್ತೆ ನಡೆಸುವುದು ಭೋಲಾ.

1976ರಲ್ಲಿ ಚಿತ್ರ ಬಂದಾಗ ಗುಜರಾತಿನ ಹಳ್ಳಿಗಳಿಂದ ರೈತರು ಲಾರಿ ಲಾರಿ ತುಂಬಿಕೊಂಡು ಪೇಟೆಯ ಥಿಯೇಟರಿಗೆ ಬಂದರು. ಬರಬೇಕಲ್ಲ, ಅವರದೇ ಸಿನಿಮಾ. ಹಂಚಿಕೆದಾರನ ಗ್ಯಾರಂಟಿಗೆ ಯಾರೂ ಕಾಯಬೇಕಾಗಿರಲಿಲ್ಲ. ಆ ಹಳೆಯ ನೆಗೆಟಿವನ್ನು ಸರಿಪಡಿಸಿ 2024ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಮತ್ತೆ ತೋರಿಸಿದರು. ಟೈಟಲ್ಲಿನಲ್ಲಿ ಸ್ಟಾರ್ ಹೆಸರಿಗೂ ಮುಂಚೆ ನಿರ್ಮಾಪಕರ ಹೆಸರು ಬರುತ್ತದೆ: ಗುಜರಾತಿನ 5 ಲಕ್ಷ ರೈತರು.